ತಲೆಗೆ ಪೆಟ್ಟಾದವರು ಮನೆಗೆ ಬಂದ್ಮೇಲೆ ಮನೆಯವ್ರು ಏನೇನು ಮಾಡ್ಬೇಕು

ಹೊಲಿಗೆ ಬಿಚ್ಚಿದ್ರು, ಸ್ಕ್ಯಾನಲ್ಲಿ ಇನ್ನೇನೂ ತೊಂದ್ರೆ ಇಲ್ಲ ಅಂದ್ರು, ಕರ್ಕೊಂಡ್ಹೋಗಿ ಅಂದ್ರು. ನಾವೂ ಎಲ್ಲ ಸರಿಹೋಯ್ತು ಅಂದ್ಕೊಂಡೇ ಅಣ್ಣನ್ನ ಹೊಸನಗರದ ಹತ್ರ ಇರೋ ನಮ್ಮನೆಗೆ ಕರ್ಕೊಂಡು ಬಂದ್ವಿ. 2021ರ ಮಳೆಗಾಲದಲ್ಲಿ ಬೈಕ್ ಸ್ಕಿಡ್ ಆಗಿ ಬಿದ್ದಿದ್ದು, ಹೆಲ್ಮೆಟ್ ಹಾಕಿರ್ಲಿಲ್ಲ. ಬಂದು ಎರಡನೇ ವಾರಕ್ಕೆ ಬಾವಿ ಮೋಟ್ರು ಹಾಕಿ ಬಂದವನು ಊಟ ಮಾಡಿ ಮಲಗಿಬಿಟ್ಟ, ಟ್ಯಾಂಕ್ ತುಂಬಿ ಅಂಗಳವೆಲ್ಲ ಹರಿದು ಸಂಜೆ ಹೊತ್ತಿಗೆ ಮೋಟ್ರೇ ಸುಟ್ಟೋಯ್ತು. ಕೇಳಿದ್ರೆ ನಾನು ಹಾಕೇ ಇಲ್ಲ ಅಂತ ಅವನು, ನೀನೇ ಹಾಕಿದ್ದು ಅಂತ ನಾನು, ದೊಡ್ಡ ಜಗಳ. ಅವನು ಸುಳ್ಳು ಹೇಳ್ತಿರ್ಲಿಲ್ಲ, ನಿಜವಾಗ್ಲೂ ನೆನಪೇ ಇರ್ಲಿಲ್ಲ. ಇದು ನಮ್ಮ ತಲೆಗೆ ಹೋಗೋಕೆ ಒಂದು ವರ್ಷ ಹಿಡೀತು, ನಿಮಗೆ ಅಷ್ಟು ದಿನ ಹಾಳಾಗ್ಬಾರ್ದು ಅಂತ ಬರೀತಿದೀನಿ.

ಮೊದ್ಲು ಒಂದು ತಿಳ್ಕೊಳ್ಳಿ. ಹಣೆ ಹಿಂದಿನ ಮೆದುಳು ಸಿಟ್ಟು ತಡ್ಕೊಳ್ಳೋದನ್ನ, ಒಂದಾದ್ಮೇಲೆ ಒಂದು ಕೆಲಸ ಜೋಡಿಸ್ಕೊಳ್ಳೋದನ್ನ ನೋಡ್ಕೊಳ್ಳುತ್ತೆ, ಹಿಂಗೆ ಬಿದ್ದಾಗ ಅಲ್ಲಿಗೇ ಪೆಟ್ಟಾಗೋದು ಜಾಸ್ತಿ. ಅದಕ್ಕೇ ಕೈಕಾಲು ನೆಟ್ಟಗಿದ್ರೂ ಮನುಷ್ಯ ಬೇರೆ ಥರ ಕಾಣ್ತಾನೆ. ಸೋಮಾರಿ ಆದ, ಸಿಡುಕ ಆದ ಅಂತ ನೆಂಟರು ಅಂತಾರೆ, ನೀವು ಮಾತ್ರ ಅನ್ಬೇಡಿ. ಮೊದಲ ಆರು ತಿಂಗಳು ಬೇಗ ಬೇಗ ಸುಧಾರಿಸುತ್ತೆ, ಆಮೇಲೆ ನಿಧಾನ ಆಗುತ್ತೆ, ಆದ್ರೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಆಗ್ತಾನೇ ಇರ್ಬೋದು.

ನೆನಪಿಗೆ ಫೋನಲ್ಲಿ ಅಲಾರಂ ಇಡಿ ಅಂತ ಎಲ್ರೂ ಹೇಳ್ತಾರೆ, ನಾವೂ ಇಟ್ವಿ, ಆದ್ರೆ ನಮ್ಮ ಕಡೆ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ ಅಂದ್ರೆ ಫೋನೂ ಇಲ್ಲ ಅಲಾರಮ್ಮೂ ಇಲ್ಲ. ಕೊನೆಗೆ ಕೆಲಸಕ್ಕೆ ಬಂದಿದ್ದು ಮಗಳ ಹಳೇ ಸ್ಲೇಟು. ಅಡುಗೆಮನೆ ಬಾಗ್ಲಿಗೆ ನೇತು ಹಾಕಿದೀವಿ, ಬೆಳಿಗ್ಗೆ ಅಣ್ಣನೇ ಅವನ ಕೈಲೇ ಬರೀಬೇಕು, ಇವತ್ತು ಯಾವ ವಾರ, ಮಾತ್ರೆ ಆಯ್ತಾ, ಮೋಟ್ರು ಹಾಕಿದ್ದು ಎಷ್ಟು ಗಂಟೆಗೆ. ನೀವು ಬರ್ದು ಕೊಟ್ರೆ ಅವ್ರು ನೋಡೋದೇ ಇಲ್ಲ. ಮತ್ತೆ ಟಾರ್ಚು, ಕನ್ನಡಕ, ಮಾತ್ರೆ ಡಬ್ಬಿ ಇವಕ್ಕೆಲ್ಲ ಒಂದೇ ಜಾಗ, ಮನೆ ಚೊಕ್ಕ ಮಾಡೋ ಉತ್ಸಾಹದಲ್ಲಿ ಯಾರೂ ಅದನ್ನ ಬದಲಾಯಿಸ್ಬಾರ್ದು.

ಸುಸ್ತು ಬಗ್ಗೆ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಸಿಟ್ಟಿನ ಬುಡ ಅಲ್ಲೇ ಇರೋದು. ಅಡಿಕೆ ಕೊಯ್ಲು ಟೈಮಲ್ಲಿ ಅಣ್ಣ ಸುಲಿಯೋಕೆ ಕೂತ, ಒಂದು ಕಡೆ ಹತ್ತು ಜನರ ಮಾತು, ಇನ್ನೊಂದು ಕಡೆ ಟಿವಿ, ಒಳಗೆ ಮಿಕ್ಸಿ, ಇಪ್ಪತ್ತೇ ನಿಮಿಷ, ಬುಟ್ಟಿ ಒದ್ದು ಎದ್ದೋದ. ಮೆಟ್ಟುಗತ್ತಿ ಕೈಗೆ ಕೊಟ್ಟಿದ್ದೇ ನಮ್ಮ ತಪ್ಪು, ಗಮನ ತಪ್ಪಿದ್ರೆ ಬೆರಳು ಹೋಗುತ್ತೆ. ಮಾರನೇ ವರ್ಷ ಬೇರೆ ಥರ ಮಾಡಿದ್ವಿ. ಬೆಳಿಗ್ಗೆ ತಲೆ ಹಗುರ ಇರೋ ಹೊತ್ತಲ್ಲಿ, ಜಗಲಿಯ ಮೂಲೆಯಲ್ಲಿ ಒಬ್ನೇ, ಒಣಗಿದ ಅಡಿಕೆ ಆರಿಸೋದು ಮಾತ್ರ, ಒಡೆದಿದ್ದು ಈ ಕಡೆ, ಒಳ್ಳೇದು ಆ ಕಡೆ. ಕಾಲು ಗಂಟೆ ಕೆಲಸ, ಎದ್ದು ಒಂದು ಲೋಟ ನೀರು, ಮತ್ತೆ ಕಾಲು ಗಂಟೆ. ಈಗ ಒಂದೂವರೆ ಗಂಟೆ ಕೂರ್ತಾನೆ. ಸುಸ್ತಾದ್ಮೇಲೆ ನಿಲ್ಲಿಸೋದಲ್ಲ, ಆಗೋಕೆ ಮುಂಚೆನೇ ನಿಲ್ಸಿ. ಅಣ್ಣ ಹುಬ್ಬು ಉಜ್ಜೋಕೆ ಶುರು ಮಾಡಿದ ಅಂದ್ರೆ ಸಾಕು ಅಂತ ನಮಗೆ ಗೊತ್ತು, ನಿಮ್ಮನೇಲೂ ಇಂಥದ್ದೊಂದು ಗುರ್ತು ಇದ್ದೇ ಇರುತ್ತೆ, ನೋಡಿ ಇಟ್ಕೊಳ್ಳಿ. ಸಿಟ್ಟು ಬಂದಾಗ ವಾದ ಬೇಡ, ಟಿವಿ ಆಫ್ ಮಾಡಿ, ಬಾಕಿಯವ್ರು ಆಚೆ ಹೋಗಿ, ಸಮಾಧಾನ ಆದ್ಮೇಲೂ ಅದನ್ನ ಕೆದಕ್ಬೇಡಿ.

ಮನೆಗೆ ಬಂದವ್ರು ಮಾಡೋ ದೊಡ್ಡ ತಪ್ಪು ಅಂದ್ರೆ "ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡೋದು. ಅಣ್ಣನ ಮುಖ ಆಗ ಹೆಂಗಾಗುತ್ತೆ ಅಂತ ನೋಡಿದ್ರೆ ಯಾರೂ ಕೇಳಲ್ಲ. ದಣಪೆ, ಅಂದ್ರೆ ಅಂಗಳದ ಗೇಟಿನ ಹತ್ರನೇ ಹೇಳಿಬಿಡಿ, ಒಳಗೆ ಬಂದು ನಿಮ್ಮ ಹೆಸರು ನೀವೇ ಹೇಳಿ, ಒಬ್ಬೊಬ್ರಾಗಿ ಮಾತಾಡಿ, ಅವನು ಮಾತು ಹುಡುಕ್ತಿದ್ರೆ ಸುಮ್ನೆ ಕಾಯಿರಿ ಅಂತ.

ವಾಸನೆ ಗೊತ್ತಾಗುತ್ತಾ ಅಂತ ಒಂದ್ಸಲ ನೋಡಿ. ನಮಗೆ ಹೊಳ್ದೇ ಇರ್ಲಿಲ್ಲ, ಹಲಸಿನ ಹಣ್ಣು ಕೊಯ್ದು ಎದುರಿಗಿಟ್ರೂ ಅಣ್ಣನಿಗೆ ಘಮ ಬರ್ಲಿಲ್ಲ, ಆಗ್ಲೇ ಗೊತ್ತಾಗಿದ್ದು. ತಲೆ ಪೆಟ್ಟಲ್ಲಿ ಮೂಗಿನ ನರ ಕಡಿದು ಹಿಂಗಾಗುತ್ತಂತೆ. ಹಂಗಿದ್ರೆ ಗ್ಯಾಸ್ ಲೀಕಾದ್ರೂ ತಿಳಿಯಲ್ಲ, ಒಬ್ರನ್ನೇ ಒಲೆ ಹತ್ರ ಬಿಡ್ಬೇಡಿ, ರೆಗ್ಯುಲೇಟರ್ ಆಫ್ ಮಾಡೋದನ್ನ ಬೇರೆಯವ್ರು ನೋಡ್ಕೊಳ್ಳಿ.

ತಲೆಗೆ ಪೆಟ್ಟಾದವ್ರಿಗೆ ಆಮೇಲೆ ಫಿಟ್ಸ್ ಬರ್ಬೋದು, ಅದಕ್ಕೆ ಮಾತ್ರೆ ಕೊಟ್ಟಿದ್ರೆ ಡಾಕ್ಟರ್ ಹೇಳದೆ ನಿಲ್ಲಿಸ್ಲೇಬಾರ್ದು. ಮೇ ಕೊನೇಲೇ ಸ್ವಲ್ಪ ಜಾಸ್ತಿ ದಿನಕ್ಕೆ ತಂದಿಟ್ಕೊಳ್ಳಿ, ರಸ್ತೆ ಬಂದ್ ಆದ್ರೆ ಪರದಾಡೋದು ತಪ್ಪುತ್ತೆ. ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡೋದು, ಬಾಯಿಗೆ ಚಮಚ ತುರುಕೋದು ಯಾವ್ದೂ ಬೇಡ. ಒಂದು ಮಗ್ಗುಲಿಗೆ ಮಲಗ್ಸಿ, ತಲೆ ಕೆಳಗೆ ಮೆತ್ತಗಿರೋದು ಇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ 108. ಕೆರೆ, ಹೊಳೆ, ಮರ ಹತ್ತೋದು, ಕಾಲುಸಂಕ ಒಬ್ರೇ ದಾಟೋದು, ಬೈಕು ಇವೆಲ್ಲ ಡಾಕ್ಟರ್ ಹೂಂ ಅನ್ನೋ ತನಕ ಇಲ್ಲ. ಕುಡಿಯೋದಂತೂ ಬೇಡವೇ ಬೇಡ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಅಡಿಕೆ ದಬ್ಬೆ ಹಾಸಿ, ಇನ್ನೊಂದ್ಸಲ ಬಿದ್ರೆ ಮೊದಲಿನಷ್ಟೂ ಉಳಿಯಲ್ಲ. ತಲೆನೋವು ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದ್ರೆ, ವಾಂತಿ ಆದ್ರೆ, ಎಬ್ಬಿಸಿದ್ರೂ ಏಳದಂಗೆ ನಿದ್ದೆ ಮಾಡ್ತಿದ್ರೆ ಬೆಳಿಗ್ಗೆ ನೋಡೋಣ ಅಂತ ಕಾಯ್ಬೇಡಿ.

ಕಾಗದ ಪತ್ರ ಎಲ್ಲ ಒಂದು ಫೈಲಲ್ಲಿರ್ಲಿ. 2016ರ ವಿಕಲಚೇತನರ ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯ ಇದೆ, ಅದ್ರಲ್ಲಿ ತಲೆ ಪೆಟ್ಟು ಅಂತ ಬೇರೆ ಹೆಸರಿಲ್ಲ, ಆದ್ರೆ ಅದ್ರಿಂದ ನಡಿಗೆ, ಮಾತು ಇಂಥದ್ದಕ್ಕೆ ಏನು ತೊಂದ್ರೆ ಆಗಿದ್ಯೋ ಅದ್ರ ಮೇಲೆ ಅಂಗವೈಕಲ್ಯದ ಸರ್ಟಿಫಿಕೇಟ್‌ಗೆ ಅರ್ಜಿ ಹಾಕ್ಬೋದು, ಹೆಚ್ಚಿನ ಸೌಲಭ್ಯಕ್ಕೆ ಕಡಿಮೆ ಅಂದ್ರೂ 40% ಅಂಗವೈಕಲ್ಯ ಅಂತ ಅದ್ರಲ್ಲಿ ಇರ್ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸಲ್ಲಿ ಇಂಥವ್ರಿಗೇ ಅಂತ ಪುನರ್ವಸತಿ ವಿಭಾಗ ಇದೆ, ದೂರ ಆದ್ರೂ ಒಂದ್ಸಲ ಹೋಗ್ಬನ್ನಿ.

ಇನ್ನು ನೋಡ್ಕೊಳ್ಳೋರ ಮಾತು. ನಮ್ಮತ್ತಿಗೆ ಎರಡು ವರ್ಷ ರಾತ್ರಿ ಸರಿಯಾಗಿ ನಿದ್ದೆನೇ ಮಾಡಿರ್ಲಿಲ್ಲ, ನಾವ್ಯಾರೂ ಕೇಳೂ ಇರ್ಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನವ್ರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ನೆಟ್‌ವರ್ಕ್‌ಗೆ ಗುಡ್ಡ ಹತ್ಬೇಕಾದ್ರೂ ಹತ್ತಿ ಮಾತಾಡಿ. ಈಗ ತಿಂಗಳಿಗೆ ಮೂರು ದಿನ ಅತ್ತಿಗೆ ತವರಿಗೆ ಹೋಗ್ತಾರೆ, ಅಣ್ಣನ ಜೊತೆ ನಾನಿರ್ತೀನಿ. ಹೊರಡೋಕೆ ಮುಂಚೆ ಯಾವ ವಾರ ವಾಪಸ್ ಬರ್ತಾರೆ ಅಂತ ಅಣ್ಣನ ಕೈಲೇ ಸ್ಲೇಟಲ್ಲಿ ಬರೆಸ್ಬೇಕು. ಒಂದ್ಸಲ ಮರೆತಿದ್ವಿ, ಅವತ್ತು ಮಳೇಲೇ ಹತ್ತು ಸಲ ದಣಪೆ ತನಕ ಹೋಗಿ ನೋಡ್ಕೊಂಡು ಬಂದ.