ಪಿಜಿಗಳನ್ನು ತಿದ್ದುವುದು ಹೇಗೆ, ಕೆಲಸ ಹೇಳುವುದು ಎಲ್ಲಿಯವರೆಗೆ: ಮೆಡಿಕಲ್ ಕಾಲೇಜಿನ ಬೋಧಕರಿಗೆ

ಮೆಡಿಕಲ್ ಕಾಲೇಜಿನಲ್ಲಿ ಪಿಜಿಗಳ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಓದುವ ಸ್ನಾತಕೋತ್ತರ ವೈದ್ಯರ) ಮೇಲೆ ಬೋಧಕರ ಅಧಿಕಾರ ಇರುವುದು ಸಹಿಯಲ್ಲಿ. ಲಾಗ್‌ಬುಕ್ (ಪಿಜಿ ಮಾಡಿದ ಕೆಲಸ, ಕಲಿತ ವಿಧಾನಗಳ ದಾಖಲೆ), ರಜೆ ಅರ್ಜಿ, ಥೀಸಿಸ್ ಮೂರಕ್ಕೂ ಗೈಡ್ (ಥೀಸಿಸ್ ಮಾರ್ಗದರ್ಶಕರು) ಅಥವಾ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸಹಿ ಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇಂಟರ್ನಲ್ ಎಕ್ಸಾಮಿನರ್ ಆಗಿ ಕೂರುವುದೂ ಎಷ್ಟೋ ಸಲ ಅವರೇ. ಹೀಗಿರುವಾಗ ಪಿಜಿ 'ಆಯ್ತು ಸರ್' ಅಂದದ್ದನ್ನೆಲ್ಲ ಒಪ್ಪಿಗೆ ಎಂದು ತಿಳಿಯಬಾರದು. ಮುಂದಿನದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದೆ.

ರೌಂಡ್ಸ್‌ನಲ್ಲಿ ತಪ್ಪು ಕಂಡಾಗ

ಡಯಾಬಿಟಿಕ್ ಕೀಟೋಅಸಿಡೋಸಿಸ್ (ಸಕ್ಕರೆ ಕಾಯಿಲೆ ವಿಷಮಿಸಿ ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ಆದ ರೋಗಿ ರಾತ್ರಿ ಅಡ್ಮಿಟ್ ಆಗಿದ್ದಾರೆ ಎಂದುಕೊಳ್ಳಿ. ಮೊದಲ ವರ್ಷದ ಪಿಜಿ ಸಲೈನ್ ಜೊತೆಗೇ ಇನ್ಸುಲಿನ್ ಡ್ರಿಪ್ ಶುರು ಮಾಡಿದ್ದಾರೆ. ಪೊಟ್ಯಾಶಿಯಂ 2.9, ಅಂದರೆ ತೀರ ಕಡಿಮೆ, ಎಂಬ ರಿಪೋರ್ಟ್ ಕೇಸ್ ಶೀಟಿಗೆ ಅಂಟಿದೆ, ಯಾರೂ ನೋಡಿಲ್ಲ. ಇನ್ಸುಲಿನ್ ಪೊಟ್ಯಾಶಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತದೆ, ರಕ್ತದಲ್ಲಿ ಅದು ಇನ್ನೂ ಇಳಿದು ಹೃದಯದ ಲಯ ತಪ್ಪಬಹುದು.

ಮೊದಲು ರೋಗಿ: ಡ್ರಿಪ್ ನಿಲ್ಲಿಸಿ, ಇಸಿಜಿ ತೆಗೆಸಿ, ಪೊಟ್ಯಾಶಿಯಂ ಕೊಡಲು ಹೇಳಿ. ಮಾತು ಚಿಕ್ಕದಾಗಿರಲಿ, ದನಿ ಏರದಿರಲಿ. ಇಂಗ್ಲಿಷಿನಲ್ಲಿ ಬೈದರೆ ರೋಗಿಗೆ ತಿಳಿಯುವುದಿಲ್ಲ ಎಂದು ನಂಬಿದವರು ಇನ್ನೂ ಇದ್ದಾರೆ. ಭಾಷೆ ತಿಳಿಯದಿದ್ದರೂ ದನಿ ತಿಳಿಯುತ್ತದೆ. ಆಮೇಲೆ ಆ ರೋಗಿ ಅದೇ ಪಿಜಿಯ ಕೈಗೆ ಇಂಜೆಕ್ಷನ್‌ಗೆ ತೋಳು ಕೊಡಲು ಹಿಂಜರಿಯುತ್ತಾರೆ.

ಅದೇ ದಿನ, ಓಪಿಡಿ ಮುಗಿದ ಮೇಲೆ, ಹತ್ತು ನಿಮಿಷ ಪಿಜಿಯೊಬ್ಬರನ್ನೇ ಕೂರಿಸಿಕೊಳ್ಳಿ. ಮೊದಲು ಕೇಳಿ: ಆ ಹೊತ್ತಿನಲ್ಲಿ ನಿಮ್ಮ ಲೆಕ್ಕ ಏನಿತ್ತು, ಯಾವುದನ್ನು ನೋಡಿ ಹಾಗೆ ನಿರ್ಧರಿಸಿದಿರಿ? ಸರಿಯಾಗಿ ಮಾಡಿದ್ದನ್ನು ಹೆಸರಿಸಿ ಹೇಳಿ. ಸಲೈನ್ ತಡಮಾಡದೆ ಶುರು ಮಾಡಿದ್ದು ಸರಿಯೇ. ತಪ್ಪನ್ನೂ ಅಷ್ಟೇ ನಿಖರವಾಗಿ ಹೇಳಿ: 'ನಿಮಗೆ ಜವಾಬ್ದಾರಿಯಿಲ್ಲ' ಅಲ್ಲ, 'ಪೊಟ್ಯಾಶಿಯಂ ನೋಡದೆ ಇನ್ಸುಲಿನ್ ಶುರುವಾಯಿತು'. ಕೊನೆಗೆ ಮುಂದಿನ ಸಲಕ್ಕೆ ಒಂದು ನಿಯಮ ಕೊಡಿ, ಒಂದೇ ಒಂದು. ಐದು ಹೇಳಿದರೆ ಯಾವುದೂ ನಿಲ್ಲುವುದಿಲ್ಲ. ಲ್ಯಾಬ್‌ನಿಂದ ಫೋನ್ ಬಂದಿತ್ತೇ, ತೆಗೆದುಕೊಂಡವರು ಯಾರು ಎಂದೂ ವಿಚಾರಿಸಿ. ಅರ್ಧ ತಪ್ಪು ವ್ಯವಸ್ಥೆಯದ್ದೇ ಆಗಿರುವುದು ಅಪರೂಪವಲ್ಲ.

ಎಲ್ಲರೆದುರು ಬೈಸಿಕೊಂಡ ಪಿಜಿ ಕಲಿಯುವುದು ಒಂದನ್ನೇ: ತಪ್ಪು ಕಾಣದಂತೆ ನೋಡಿಕೊಳ್ಳುವುದನ್ನು. ಕೇಸ್ ಶೀಟಿನಲ್ಲಿ ಸಮಯ ತಿದ್ದುವುದು, ನೋಡದ ಯೂರಿನ್ ಔಟ್‌ಪುಟ್ ಬರೆಯುವುದು, ಬೆಳಗಿನ ಜಾವ ಮೂರಕ್ಕೆ ಫೋನ್ ಮಾಡದಿರುವುದು, ಇವೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಆದ್ದರಿಂದ ಯಾವಾಗ ಕರೆಯಲೇಬೇಕು ಎಂಬುದನ್ನು ಬರೆದು ಡ್ಯೂಟಿ ರೂಮಿನ ಗೋಡೆಗೆ ಹಚ್ಚಿ. ಸಲೈನ್ ಕೊಟ್ಟ ಮೇಲೂ ಬಿಪಿ 90ರ ಕೆಳಗೆ ಇದ್ದರೆ, ಪ್ರಜ್ಞೆಯ ಮಟ್ಟ ಕುಸಿದರೆ, ಐಸಿಯುಗೆ ಸಾಗಿಸಬೇಕಾದರೆ, ಎಮರ್ಜೆನ್ಸಿ ಆಪರೇಷನ್ ನಿರ್ಧಾರವಾಗಬೇಕಾದರೆ, ಸಾವಾದರೆ, ರೋಗಿಯ ಕಡೆಯವರ ಗಲಾಟೆ ಶುರುವಾದರೆ. ಕರೆ ಬಂದಾಗ ನಿಮ್ಮ ಮೊದಲ ಮಾತು 'ಕರೆದಿದ್ದು ಒಳ್ಳೆಯದಾಯಿತು, ಹೇಳಿ' ಎಂದಿರಲಿ. 'ಇಷ್ಟಕ್ಕೆಲ್ಲ ಕರೀತೀರಾ?' ಎಂದು ಒಮ್ಮೆ ಅಂದರೂ ಆ ಮಾತು ಹಾಸ್ಟೆಲ್ ತುಂಬ ಹರಡುತ್ತದೆ, ಗೋಡೆಯ ಹಾಳೆ ವ್ಯರ್ಥವಾಗುತ್ತದೆ.

ಆಲ್ ಇಂಡಿಯಾ ಕೋಟಾದಲ್ಲಿ ಬೇರೆ ರಾಜ್ಯದಿಂದ ಬಂದ, ಕನ್ನಡ ಬಾರದ ಪಿಜಿಗಳನ್ನು ರೋಗಿಯೆದುರು ಅಣಕಿಸುವುದೂ ಅವಮಾನವೇ. 'ಎಲ್ಲಿ ನೋಯುತ್ತೆ', 'ಯಾವಾಗಿಂದ', 'ಉಸಿರು ಎಳ್ಕೊಳ್ಳಿ' ಎಂಬಂಥ ಮೂವತ್ತು ವಾಕ್ಯಗಳ ಹಾಳೆಯನ್ನು ಮೊದಲ ವಾರದಲ್ಲೇ ಕೊಡಿ, ಸಿಸ್ಟರ್ ಒಬ್ಬರ ಬಳಿ ಹೇಳಿಸಿ.

ಡ್ಯೂಟಿ, ರಜೆ

1992ರ ಕೇಂದ್ರ ರೆಸಿಡೆನ್ಸಿ ಯೋಜನೆಯ ನಿರ್ದೇಶನದ ಪ್ರಕಾರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿಯಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ಸಾಂದರ್ಭಿಕ ರಜೆ, 5 ಶೈಕ್ಷಣಿಕ ರಜೆ ಇವೆ. ಇವು ಬೋಧಕರ ದಯೆಯಲ್ಲ, ಪಿಜಿಯ ಹಕ್ಕು. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯನ್ನು ಈ ತಿಂಗಳ 25ರೊಳಗೆ ಹಾಕಿ. ರಾತ್ರಿ ಡ್ಯೂಟಿ ಮುಗಿಸಿದವರು ಮರುದಿನ ಎಷ್ಟು ಗಂಟೆಗೆ ಹೊರಡಬೇಕು ಎಂಬುದೂ ಪಟ್ಟಿಯಲ್ಲೇ ಇರಲಿ, ಇಲ್ಲವಾದರೆ ಸಂಜೆಯಾದರೂ ಯಾರೂ ಏಳುವುದಿಲ್ಲ. ತಪ್ಪಿಗೆ ಶಿಕ್ಷೆಯಾಗಿ ಹೆಚ್ಚುವರಿ ಡ್ಯೂಟಿ ಹಾಕಲೇಬೇಡಿ. ನಿದ್ದೆಗೆಟ್ಟವರಿಂದ ಇನ್ನಷ್ಟು ತಪ್ಪಾಗುತ್ತದೆ, ಅದರ ಬೆಲೆ ತೆರುವವರು ರೋಗಿಗಳು.

ಕೆಲಸ ಮತ್ತು ಊಳಿಗ

ಗೊಂದಲವಾದಾಗ ಒಂದು ಪ್ರಶ್ನೆ ಸಾಕು: ಇದನ್ನು ಲಾಗ್‌ಬುಕ್ಕಿನಲ್ಲಿ ಬರೆಯಬಹುದೇ? ಸ್ಯಾಂಪಲ್ ತಲುಪಿಸುವುದು ಕಷ್ಟದ ಕೆಲಸವಾದರೂ ರೋಗಿಯ ಕೆಲಸ. ಗೈಡ್‌ನ ಮಗುವನ್ನು ಶಾಲೆಯಿಂದ ಕರೆತರುವುದು, ಬ್ಯಾಂಕಿಗೆ ಹೋಗುವುದು, ಗೈಡ್‌ನ ಖಾಸಗಿ ನರ್ಸಿಂಗ್ ಹೋಮ್ ನೋಡಿಕೊಳ್ಳುವುದು ಊಳಿಗ. ಪಿಜಿ ತಾನಾಗಿಯೇ ಮುಂದೆ ಬಂದರೂ ಬೇಡವೆನ್ನಿ. ಒಬ್ಬರು ಮಾಡಿದರೆ ಉಳಿದವರೂ ಮಾಡಬೇಕಾಗುತ್ತದೆ.

ಲಾಗ್‌ಬುಕ್ ಸಹಿಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿ. ಮೂರು ವರ್ಷದ್ದನ್ನು ಕೊನೆಯ ತಿಂಗಳು ಒಟ್ಟಿಗೆ ಸಹಿ ಮಾಡುವ ಪದ್ಧತಿಯಲ್ಲಿ ಸುಳ್ಳೂ ಸೇರುತ್ತದೆ, ಬೆದರಿಕೆಗೂ ಜಾಗವಾಗುತ್ತದೆ. ಥೀಸಿಸ್ ಕರಡು ಕೈಗೆ ಬಂದ ಎರಡು ವಾರದೊಳಗೆ ಬರವಣಿಗೆಯಲ್ಲೇ ಸಲಹೆ ಕೊಡಿ. ಕೇಸ್‌ಗಳ ಸಂಖ್ಯೆ ಸಾಲದಿದ್ದರೆ ಎಥಿಕ್ಸ್ ಕಮಿಟಿಗೆ ತಿಳಿಸಿ ತಿದ್ದುಪಡಿ ಪಡೆಯಿರಿ. 'ಹೇಗಾದರೂ ತುಂಬಿಸಿ' ಅಂದರೆ ಸುಳ್ಳು ಡೇಟಾ ಬರೆಯಲು ಹೇಳಿದಂತೆಯೇ. ಚರ್ಚೆ ಡಿಪಾರ್ಟ್‌ಮೆಂಟಿನಲ್ಲಿ, ಕೆಲಸದ ವೇಳೆಯಲ್ಲಿ, ಬಾಗಿಲು ತೆರೆದಿಟ್ಟು ನಡೆಯಲಿ. ತಡರಾತ್ರಿ ವೈಯಕ್ತಿಕ ವಾಟ್ಸಾಪ್ ಮೆಸೇಜು ಬೇಡ.

ಮಿತಿ ಮೀರಿದಾಗ ಪಿಜಿ ಮಾಡಬೇಕಾದ್ದು

ಅಂದೇ ಬರೆದಿಡಿ: ದಿನಾಂಕ, ಸಮಯ, ಸ್ಥಳ, ಆಡಿದ ಮಾತು ಅದೇ ರೂಪದಲ್ಲಿ, ಯಾರಿದ್ದರು. ಮೆಸೇಜುಗಳ ಸ್ಕ್ರೀನ್‌ಶಾಟ್ ಬೇರೆಡೆ ಉಳಿಸಿ. ರೋಗಿಯ ಹೆಸರು, ಕೇಸ್ ಶೀಟಿನ ಫೋಟೊ ಸೇರಿಸಬೇಡಿ, ಅದು ನಿಮ್ಮ ಮೇಲೆಯೇ ತಿರುಗುತ್ತದೆ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಕಾಲೇಜಿನ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸೀನಿಯರ್‌ಗಳ ರ‍್ಯಾಗಿಂಗ್ ಆದರೆ ಕಾಲೇಜಿನ ಸಮಿತಿ ಇದೆ, ರಾಷ್ಟ್ರೀಯ ಸಹಾಯವಾಣಿ 1800-180-5522 ಕೂಡ ಇದೆ.

ದೂರು ಬಂದ ದಿನವೇ ಎಚ್‌ಒಡಿ ಮತ್ತು ಪ್ರಿನ್ಸಿಪಾಲ್ ಆ ಪಿಜಿಯ ಗೈಡ್‌ಶಿಪ್, ಲಾಗ್‌ಬುಕ್ ಸಹಿ ಮತ್ತು ಇಂಟರ್ನಲ್ ಅಂಕಗಳ ಹೊಣೆಯನ್ನು ಬೇರೆ ಬೋಧಕರಿಗೆ ಒಪ್ಪಿಸಿ ಲಿಖಿತ ಆದೇಶ ಹೊರಡಿಸಬೇಕು. ಯೂನಿಟ್ ಬದಲಿಸಬೇಕಾಗಿ ಬಂದರೆ ದೂರು ಕೊಟ್ಟವರನ್ನು ಕೇಳಿಯೇ ಬದಲಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಡ್ಯೂಟಿ ರೂಮಿನ ಅದೇ ಹಾಳೆಯ ಕೆಳಗೆ ಬರೆದಿಡಿ. ಕನ್ನಡದಲ್ಲೂ ಮಾತಾಡಬಹುದು, ದಿನದ 24 ಗಂಟೆಯೂ ಸಿಗುತ್ತದೆ.