ಕುಡಿತ ಬಿಟ್ಟ ಹೊಸತರಲ್ಲಿ ಸಂಜೆ ಮನಸ್ಸು ಕುಸಿದರೆ

ಕುಡಿತ ಬಿಟ್ಟ ಹೊಸತರಲ್ಲಿ ಸಂಜೆಯಾಗುತ್ತಲೇ ಮನಸ್ಸು ಕುಸಿಯುತ್ತಿದ್ದರೆ, ಮೊದಲು ಗ್ಲಾಸು ಹಿಡಿಯುತ್ತಿದ್ದ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ಹೊಟ್ಟೆ ತುಂಬ ತಿಂದು, ಚಪ್ಪಲಿ ಮೆಟ್ಟಿ ನಡೆಯಲು ಹೊರಟುಬಿಡಿ. ಉಪ್ಪಿಟ್ಟು, ಮೊಸರನ್ನ, ಎರಡು ಬಾಳೆಹಣ್ಣು, ಯಾವುದಾದರೂ ಸರಿ. ಹಸಿವು ಕುಡಿಯುವ ಆಸೆಯನ್ನು ಕೆರಳಿಸುತ್ತದೆ. ಜೊತೆಗೆ, ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳಿಗೆ ಸಣ್ಣಪುಟ್ಟ ಖುಷಿಗಳು ತಟ್ಟಲು ಕೆಲವು ವಾರಗಳೇ ಬೇಕು; ಮನಸ್ಸು ಬಂದಮೇಲೆ ಹೊರಡೋಣ ಅಂತ ಕೂತರೆ ಅದು ಬರುವುದೇ ಇಲ್ಲ. ಬೆಳಿಗ್ಗೆಯೇ ಜೊತೆಗಾರರೊಬ್ಬರಿಗೆ ‘ಆರೂವರೆಗೆ ಬರ್ತೀನಿ’ ಅಂತ ಹೇಳಿಟ್ಟರೆ ತಪ್ಪಿಸಿಕೊಳ್ಳುವುದು ಕಷ್ಟ. ಬಾರ್ ಇರುವ ರಸ್ತೆ ಮಾತ್ರ ಬೇಡ, ಸುತ್ತಾದರೂ ಬೇರೆ ದಾರಿ ಹಿಡಿಯಿರಿ. ಬಿಟ್ಟು ತಿಂಗಳಾದರೂ ಮಂಕು ಕರಗದಿದ್ದರೆ ಇದೊಂದೇ ಸಾಲದು, ಅದು ಚಿಕಿತ್ಸೆ ಬೇಕಾದ ಖಿನ್ನತೆಯೇ ಇರಬಹುದು, ಮನೋವೈದ್ಯರನ್ನು ಕಾಣಿ. ಮೊದಲ ದಿನಗಳಲ್ಲಿ ಕೈನಡುಕ ಜೋರಾದರೆ, ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.