ಅಮಾನತಾದ ಸಬ್ ಇನ್ಸ್‌ಪೆಕ್ಟರ್ ಮತ್ತು 1976ರ ಒಂದು ಕೊಲೆ: ನನ್ನ ಕಾದಂಬರಿ ಬರೆದ ಬಗೆ

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರೆಂದು ಕೊನೆಯ ಅಧ್ಯಾಯದವರೆಗೆ ಮುಚ್ಚಿಡುವುದು ವಾಡಿಕೆ. ನಾನು ಅದನ್ನು ಅರ್ಧದಲ್ಲೇ ಬಿಟ್ಟುಕೊಟ್ಟೆ. ನನ್ನ ಕಥೆ ನಡೆಯುವುದು 1976ರ ದಾವಣಗೆರೆಯಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಕೊಂದವನು ಯಾರೆಂದು ಅಲ್ಲಿ ಓಣಿಗೆಲ್ಲ ಗೊತ್ತಿರಬಹುದು. ಅದನ್ನು ಯಾರ ಮುಂದೆ ಹೇಳಬೇಕು, ಹೇಳಿದರೆ ಯಾರು ಬರೆದುಕೊಳ್ಳುತ್ತಾರೆ ಎಂಬುದೇ ನನ್ನ ಕಥೆಯ ಗಂಟು. ಹುಡುಕುವವನು ಅಮಾನತಾದ ಸಬ್ ಇನ್ಸ್‌ಪೆಕ್ಟರ್.

ಅವನ ಕಳಂಕ ನಿಜವಾದದ್ದೇ ಆಗಿರಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಪ್ರಾಮಾಣಿಕನಾಗಿದ್ದಕ್ಕೇ ಮೇಲಿನವರು ತುಳಿದರು ಎಂಬ ಪೊಲೀಸ್ ಕಥೆಗಳನ್ನು ಓದಿ ಓದಿ ಸಾಕಾಗಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನಡೆಯುವುದಿಲ್ಲ ಎನ್ನುತ್ತಿತ್ತು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ. ಆದರೆ ಆರೋಪಿಯ ಮಾತಿನಿಂದ ವಸ್ತು ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು 27ನೇ ಕಲಮಿನಡಿ ಕೋರ್ಟಿಗೆ ಬರುತ್ತಿತ್ತು. ನನ್ನವನು ಈ ಕಿಂಡಿಯಲ್ಲಿ ನುಗ್ಗಿದವನು. ಹಿಂದಿನ ಒಂದು ಕೇಸಿನಲ್ಲಿ ಚಾಕುವನ್ನು ತಾನೇ ಹೂತಿಟ್ಟ, ಪಂಚರನ್ನು ಕರೆದೊಯ್ದು ತಾನೇ ತೆಗೆಸಿ ಮಹಜರು ಬರೆದ. ಸೆಷನ್ಸ್ ನ್ಯಾಯಾಧೀಶರು ಅದನ್ನು ಹಿಡಿದು ತೀರ್ಪಿನಲ್ಲೇ ಬರೆದರು. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಎಸ್‌ಪಿ ಸಾಹೇಬರು ಇರುವುದು ದುರ್ಗದಲ್ಲಿ. ಏನೇ ಆಗಬೇಕಿದ್ದರೂ ಟ್ರಂಕ್ ಕಾಲ್ ಬುಕ್ ಮಾಡಿ ಕೂತಿರಬೇಕು, ಇಲ್ಲವೇ ಬಸ್ ಹತ್ತಬೇಕು. ಆ ಕಾಯುವಿಕೆ ನನ್ನ ಕಥೆಗೆ ತುಂಬಾ ಕೆಲಸ ಮಾಡಿಕೊಟ್ಟಿತು.

ಕೊಲೆಗೆ ಕಾರಣ ಹುಡುಕುವಾಗ ರಾಜಕೀಯ ಹಗೆಯನ್ನು ದೂರವಿಟ್ಟೆ. ಹಿರಿಯರನ್ನು ಮಾತಾಡಿಸುತ್ತಾ ಹೋದಾಗ ಹಳೆಯ ಮಿಲ್ ಕಾರ್ಮಿಕರೊಬ್ಬರು, ‘ನಮ್ಮವ್ವನ ಬೆಂಡೋಲೆ ಗಿರವಿಯಿಂದ ತಿರುಗಿ ಬಂದಿದ್ದು ಆವಾಗ್ಲೆ ನೋಡಪ್ಪ’ ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, ಯೂನಿಯನ್ ಮಾತಾಡಿದ್ದಕ್ಕೆ ಒಳಗೆ ಹೋದ ತಮ್ಮ ಅಣ್ಣನ ಹೆಸರೆತ್ತಿ ಸುಮ್ಮನಾದರು. ಎರಡೂ ಅದೇ ಕಾಲ. ದೇವರಾಜ ಅರಸು ಸರ್ಕಾರ 1976ರಲ್ಲಿ ತಂದ ಸಾಲ ಪರಿಹಾರ ಕಾಯ್ದೆಯಲ್ಲಿ ಸಣ್ಣ ರೈತರು, ಭೂರಹಿತ ಕೂಲಿಗಳು ಮೊದಲಾದ ಬಡವರ ಸಾಲ ರದ್ದಾಯಿತು, ಅಡವಿಟ್ಟ ಒಡವೆ ವಾಪಸು ಕೊಡಬೇಕಾಯಿತು. ಸತ್ಯ ಹೇಳಬೇಕೆಂದರೆ ಈ ಎರಡರಲ್ಲಿ ಯಾವುದನ್ನೂ ಬಿಡುವ ಹಕ್ಕು ನನಗಿರಲಿಲ್ಲ. ನನ್ನ ಕಥೆಯ ಕೊಲೆಯೂ ಅಲ್ಲಿಂದಲೇ ಹುಟ್ಟಿತು. ಸತ್ತವನು ಗಿರವಿ ಅಂಗಡಿಯ ಗುಮಾಸ್ತ. ಒಡವೆಗಳನ್ನು ಮರೆಮಾಡಲು ಸಾಹುಕಾರ ಎರಡನೇ ಖಾತೆ ಬರೆಸುತ್ತಾನೆ; ಅಸಲಿ ಖಾತೆ ಎಲ್ಲಿದೆ ಎಂದು ಬಲ್ಲವನು ಗುಮಾಸ್ತ ಒಬ್ಬನೇ.

ಹೆಣ ಸಿಗುವುದು ಅಶೋಕ ರಸ್ತೆಯ ರೈಲ್ವೆ ಗೇಟಿನಾಚೆ, ಆಗಿನ್ನೂ ಮೀಟರ್ ಗೇಜ್ ಇದ್ದ ಹಳಿಯ ಮೇಲೆ. ಹಳಿ ಮೇಲಿನ ಸಾವು ರೈಲ್ವೆ ಪೊಲೀಸರ ಲೆಕ್ಕಕ್ಕೆ ಹೋಗುತ್ತದೆ, ಊರ ಠಾಣೆ ಕೈ ತೊಳೆದುಕೊಳ್ಳುತ್ತದೆ. ಬೆಳಗಿನ ಗುಂಪಿನಲ್ಲಿ ನಿಂತ ನನ್ನವನಿಗೆ ಕಂಡದ್ದು ಒಂದೇ: ಬೋರಲು ಬಿದ್ದ ಹೆಣದ ಬೆನ್ನು ನೇರಳೆಗಟ್ಟಿದೆ. ಸತ್ತ ಮೇಲೆ ರಕ್ತ ಕೆಳಮುಖವಾಗಿ ಇಳಿದು ಕೆಲವು ಗಂಟೆಗಳಲ್ಲಿ ಅಲ್ಲೇ ನಿಲ್ಲುತ್ತದೆ. ಬೆನ್ನಿನಲ್ಲಿ ನಿಂತಿದೆ ಎಂದರೆ ಈ ಮನುಷ್ಯ ಸತ್ತು ಬಹಳ ಹೊತ್ತು ಅಂಗಾತ ಮಲಗಿದ್ದ. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರೂ ಅದನ್ನು ಬರೆದಿರುತ್ತಾರೆ, ಓದುವವರಿಲ್ಲ.

ಇಲ್ಲಿಂದ ಮುಂದೆ ಕಾನೂನಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಬರೆದೆ. ಅಮಾನತಾದವನಿಗೆ ಸಿಗುವುದು ಜೀವನಾಧಾರ ಭತ್ಯೆ ಮಾತ್ರ. ಯಾರಿಗೂ ಸಮನ್ಸ್ ಕೊಡುವಂತಿಲ್ಲ, ಹೇಳಿಕೆ ಬರೆದುಕೊಳ್ಳುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 43ನೇ ಕಲಮಿನಂತೆ ಸಾಮಾನ್ಯ ಮನುಷ್ಯನೂ ಒಬ್ಬನನ್ನು ಹಿಡಿಯಬಹುದು, ಆದರೆ ಅಪರಾಧ ಕಣ್ಣೆದುರೇ ನಡೆಯಬೇಕು. ಆ ಕಾಲದ ಕಥೆ ಬರೆಯುವವರು ಕಲಂ ಸಂಖ್ಯೆಗಳನ್ನು ಜೋಪಾನವಾಗಿ ನೋಡಿಕೊಳ್ಳಬೇಕು. 1973ರ ಸಂಹಿತೆ ಜಾರಿಗೆ ಬಂದದ್ದು 1974ರ ಏಪ್ರಿಲ್ 1ಕ್ಕೆ. 2024ರ ಜುಲೈಯಿಂದ ಅದರ ಜಾಗಕ್ಕೆ ಹೊಸದು ಬಂದಿದೆ.

ಅಧಿಕಾರ ಹೋದವನಿಗೆ ಏನು ಉಳಿಯಿತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮಂಡಕ್ಕಿ ಭಟ್ಟಿಯಲ್ಲಿ. ಊರು ಮಲಗಿರುವಾಗಲೇ ಎದ್ದು ಒಲೆ ಹಚ್ಚುವವರು ಭಟ್ಟಿಯವರು. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಹೆಂಗಸೊಬ್ಬಳು ಆ ರಾತ್ರಿ ಗೇಟಿನ ಕಡೆ ಹೋದ ಎತ್ತಿನ ಬಂಡಿ ನೋಡಿದ್ದಾಳೆ. ಈ ದೃಶ್ಯವನ್ನು ಬರೆದು ಹರಿದು ಮತ್ತೆ ಬರೆದೆ. ಕೊನೆಗೆ ಉಳಿದದ್ದು ಇಷ್ಟು:

‘ನೀವು ಈಗ ಪೊಲೀಸ್ ಹೌದೋ ಅಲ್ಲೋ?’

‘ಅಲ್ಲವ್ವ.’

‘ಹಂಗಾದ್ರೆ ಕುಂದ್ರಿ, ಹೇಳ್ತೀನಿ.’

ಇಡೀ ಪುಸ್ತಕ ನಿಂತಿರುವುದು ಈ ಮೂರು ಸಾಲಿನ ಮೇಲೆ. ಕೆಲಸ ಹೋದದ್ದರಿಂದಲೇ ಜನ ಅವನೊಡನೆ ಬಾಯಿ ಬಿಡುತ್ತಾರೆ. ಬಾಯಿ ಬಿಟ್ಟದ್ದನ್ನು ಕಾಗದಕ್ಕಿಳಿಸುವ ಕೈ ಅವನಿಗಿಲ್ಲ.

ಬಂಡಿ ಹೊಡೆದವನನ್ನು ಇಷ್ಟರಲ್ಲಿ ಮೀಸಾ ಕೆಳಗೆ, ಅಂದರೆ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಯ್ದೆಯಡಿ, ಒಯ್ದಿರುತ್ತಾರೆ. ಕಾರಣ ತಿಳಿಸಬೇಕಾದ ಅಗತ್ಯವನ್ನೇ ಆ ಕಾಯ್ದೆಯ ತಿದ್ದುಪಡಿ ತೆಗೆದುಹಾಕಿತ್ತು. ಅವನ ಹೆಂಡತಿಗೆ ಮೊದಲು ಆಸೆ ಇರುತ್ತದೆ, ಯಾಕೆಂದರೆ ಇಂಥ ಬಂಧನವನ್ನು ಪ್ರಶ್ನಿಸುವ ಅರ್ಜಿ ಕೇಳಬಹುದೆಂದು ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು-ಒಂದರ ಬಹುಮತದಿಂದ ಆ ಬಾಗಿಲು ಮುಚ್ಚಿತು. ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ನನ್ನ ಕಾದಂಬರಿ ಆ ತಾರೀಖಿಗೆ ಎರಡು ಭಾಗವಾಗಿದೆ. ಎರಡನೇ ಭಾಗದಲ್ಲಿ ಯಾರೂ ಬೆಂಗಳೂರಿನ ಮಾತೆತ್ತುವುದಿಲ್ಲ.

ಮುಚ್ಚದೆ ಉಳಿದ ದಾರಿ ಒಂದಿತ್ತು. ಠಾಣೆ ದೂರು ಬರೆದುಕೊಳ್ಳದಿದ್ದರೂ ಅದೇ ದಂಡ ಪ್ರಕ್ರಿಯಾ ಸಂಹಿತೆಯ 200ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬಹುದು; ಅವರು ಪ್ರಮಾಣ ಮಾಡಿಸಿ ಮಾತು ಕೇಳಲೇಬೇಕು. ಗುಮಾಸ್ತನ ಹೆಂಡತಿಗೆ ಇದನ್ನು ಹೇಳಿಕೊಡುವುದೇ ನನ್ನವನ ತನಿಖೆ. ಸುಳ್ಳು ಮಹಜರು ಬರೆದ ಮನುಷ್ಯ ಈಗ ಒಂದೊಂದು ಸಾಲನ್ನೂ ಆಕೆಯ ಬಾಯಿಂದಲೇ ಹೇಳಿಸುತ್ತಾನೆ, ತನ್ನದೊಂದು ಪದ ಸೇರಿಸುವುದಿಲ್ಲ. ಆ ಅಧ್ಯಾಯ ಬರೆಯುವಾಗ ಅವನ ಮೇಲೆ ನನಗೆ ಗೌರವ ಬಂತು.

1977ರ ಮಾರ್ಚ್ 21ಕ್ಕೆ, ತುರ್ತು ಪರಿಸ್ಥಿತಿ ತೆಗೆದ ದಿನಕ್ಕೆ, ಕಥೆ ಮುಗಿಸು ಎಂದು ಕರಡು ಓದಿದ ಗೆಳೆಯರು ಹೇಳಿದರು. ಒಪ್ಪಲಿಲ್ಲ. ಬಂಡಿಯವನು ಹೊರಗೆ ಬರುತ್ತಾನೆ, ಸರಿ. ಆದರೆ ಹೆದರಿ ಹಣ್ಣಾಗಿದ್ದಾನೆ, ಕೋರ್ಟಿನಲ್ಲಿ ಏನೂ ನೋಡಿಲ್ಲ ಎನ್ನುತ್ತಾನೆ. ಸಾಹುಕಾರ ಅದೇ ಅಂಗಡಿಯಲ್ಲಿ ಕೂತಿದ್ದಾನೆ. ಹಾಗಾಗಿ ಸೆಷನ್ಸ್ ವಿಚಾರಣೆಯನ್ನೂ ಬರೆದೆ. ಅಲ್ಲಿ ಭಟ್ಟಿಯ ಹೆಂಗಸಿನ ಪಾಟೀಸವಾಲಿನದೇ ಅತಿ ಉದ್ದದ ಅಧ್ಯಾಯ. ವಕೀಲರು ಕತ್ತಲಲ್ಲಿ ಬಂಡಿ ಹೇಗೆ ಕಂಡಿತೆಂದು ಕೇಳುತ್ತಲೇ ಹೋಗುತ್ತಾರೆ, ಅವಳು ಒಲೆಯ ಬೆಳಕು ಎಲ್ಲಿಯವರೆಗೆ ಬೀಳುತ್ತದೆಂದು ಹೇಳುತ್ತಲೇ ಹೋಗುತ್ತಾಳೆ.